ಇಪ್ಪತ್ತೇಳು ತಿರುವಿನ ಘಾಟಿಗೆ ಹಳೆಯ ಸೈಕಲ್



ಕಾರಮಡೈಯ ತೇರು ಬೀದಿಯಲ್ಲಿ ನನ್ನನ್ನು ಕಂಡವರಿಗೆ ನನ್ನ ಸೈಕಲ್ಲೂ ಪರಿಚಯವೇ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಮರುವರ್ಷ, 1982ರಲ್ಲಿ, ಸಾಲ ತೆಗೆದು ಕೊಂಡ ಕಪ್ಪು ಬಣ್ಣದ ದೊಡ್ಡ ಗಾಡಿ. ಗೇರಿಲ್ಲ, ಕಂಬಿ ಬ್ರೇಕು. ನಿವೃತ್ತನಾದ ಮೇಲೆ ಅದರ ಕೆಲಸವೆಲ್ಲ ಹಾಲು, ತರಕಾರಿ ತರುವುದಷ್ಟೇ ಆಗಿತ್ತು.

ಹೀಗಿರುವಾಗ ನಾವು ಐದು ಜನ ಸ್ನೇಹಿತರು ಒಂದು ಮಾತು ಆಡಿಬಿಟ್ಟೆವು. ಇಲ್ಲಿಂದ ತಾಳವಾಡಿಗೆ ಸೈಕಲ್ಲಿನಲ್ಲಿ ಹೋಗುವುದು. ಕಿಲೋಮೀಟರಿಗೆ ಇಷ್ಟು ಎಂದು ಊರವರಿಂದ ಹಣ ಕೇಳಿ, ಆ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ನಿಘಂಟು, ಕಥೆ ಪುಸ್ತಕ ಕೊಡಿಸುವುದು. ಇದೇನೂ ಹೊಸದಲ್ಲ. 1985ರ ಡಿಸೆಂಬರಿನಲ್ಲಿ ಬಾಬಾ ಆಮ್ಟೆಯವರು ಯುವಕ ಯುವತಿಯರನ್ನು ಸೈಕಲ್ಲಿನ ಮೇಲೆ ಕನ್ಯಾಕುಮಾರಿಯಿಂದ ಕಾಶ್ಮೀರದತ್ತ ಹೊರಡಿಸಿದ್ದರು. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಯಾತ್ರೆಯ ಸವಾರರಲ್ಲೂ ಕೆಲವರು ಸತ್ಕಾರ್ಯಕ್ಕೆ ಹಣ ಕೂಡಿಸುತ್ತಾರೆ. ಆದರೆ ಅವರ ಗಾಡಿಗಳಿಗೆ ಗೇರುಗಳು ಬೇಕಾದಷ್ಟು. ನನ್ನದಕ್ಕೆ ಒಂದೇ.

ದಾರಿ ಮೇಟ್ಟುಪಾಳ್ಯ, ಸತ್ಯಮಂಗಲದ ತನಕ ಅಂಥ ಕಷ್ಟದ್ದಲ್ಲ. ಬಣ್ಣಾರಿ ಅಮ್ಮನ ಗುಡಿ ದಾಟಿದ ಮೇಲೆ ದಿಂಬಂ ಘಾಟಿ. ಇಪ್ಪತ್ತೇಳು ಕೊಂಡಿ ತಿರುವು. ನೋಟುಪುಸ್ತಕದಲ್ಲಿ ಹೆಸರು, ಮೊತ್ತ ಬರೆದುಕೊಂಡಾಗಿತ್ತು. ಗಾಡಿ ನಿಂತರೆ ಹಣವೂ ಅಲ್ಲಿಗೇ ನಿಲ್ಲುತ್ತದೆ.

ಸೈಕಲ್ ಅಂಗಡಿಯ ಹುಡುಗ ನೋಡಿ, "ಅಣ್ಣಾ, ಇದನ್ನು ಮಾರಿ ಹೊಸದು ತಗೊಳ್ಳಿ" ಎಂದ. ಹೊಸದರ ಬೆಲೆಗೆ ಎಷ್ಟು ನಿಘಂಟು ಬರುತ್ತವೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಇದನ್ನೇ ಸರಿಮಾಡು ಎಂದೆ.

ಮೊದಲು ಫ್ರೀವೀಲ್. ನನ್ನ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ, ಅಂದರೆ ಪೆಡಲ್ ಇರುವ ಪಲ್ಲಿಗೆ, 44 ಹಲ್ಲು. ಹಿಂದಿನ ಫ್ರೀವೀಲಿಗೆ 18. ಪೆಡಲನ್ನು ಒಂದು ಸುತ್ತು ತುಳಿದರೆ ಗಾಡಿ ಸುಮಾರು 5.4 ಮೀಟರ್ ಹೋಗುತ್ತದೆ. ಹದಿನೆಂಟನ್ನು ತೆಗೆದು 22 ಹಲ್ಲಿನದನ್ನು ಹಾಕಿದರೆ 4.4 ಮೀಟರ್ ಮಾತ್ರ. ದೂರ ಕಡಿಮೆ, ಆದರೆ ಮೊಣಕಾಲಿಗೆ ಬೀಳುವ ಭಾರವೂ ಅಷ್ಟೇ ಕಡಿಮೆ. ಸಾಲದ ಕಂತಿನ ಹಾಗೆ: ಕಂತು ಚಿಕ್ಕದಾದರೆ ಕಟ್ಟುವ ಸಲ ಹೆಚ್ಚು. ನಾಲ್ಕು ಹಲ್ಲು ಹೆಚ್ಚಿದ್ದರಿಂದ ಚೈನಿಗೆ ಒಂದು ಅಂಗುಲ, ಅಂದರೆ ಎರಡು ಕೊಂಡಿ ಸೇರಿಸಬೇಕಾಯಿತು. ಹಳೆಯ ಚೈನಿಗೆ ಹೊಸ ಕೊಂಡಿ ಕೂರಿಸುವ ಮುನ್ನ ಹುಡುಗ ಸ್ಕೇಲ್ ಇಟ್ಟು ಅಳೆದ. ಇಪ್ಪತ್ತನಾಲ್ಕು ಕೊಂಡಿ ಸರಿಯಾಗಿ ಹನ್ನೆರಡು ಅಂಗುಲ ಇರಬೇಕು. ನನ್ನದು ಅದಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗಕ್ಕೂ ಹೆಚ್ಚು ಸವೆದು ಉದ್ದವಾಗಿತ್ತು. ಹೊಸ ಚೈನನ್ನೇ ಹಾಕಿಸಿದೆ. ಸವೆದ ಚೈನು ಹೊಸ ಹಲ್ಲನ್ನೂ ತಿಂದುಹಾಕುತ್ತದಂತೆ.

ಬ್ರೇಕಿನ ವಿಚಾರ ನನಗೆ ನಲವತ್ತು ವರ್ಷ ಗೊತ್ತಿರಲಿಲ್ಲ. ಕಂಬಿ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕವನ್ನು ಹಿಡಿಯುವುದಿಲ್ಲ, ಒಳಮುಖವನ್ನು ಒತ್ತುತ್ತದೆ. ಆದ್ದರಿಂದ ಚಕ್ರ ಅತ್ತಿತ್ತ ಸ್ವಲ್ಪ ಬಳುಕಿದರೂ ನಡೆದೀತು, ಮೇಲೆ ಕೆಳಗೆ ಕುಣಿಯಬಾರದು. ಹುಡುಗ ಒಂದೊಂದೇ ಕಡ್ಡಿ ತಿರುಗಿಸಿ ಬೆಂಡು ತೆಗೆದ. ಇನ್ನೊಂದು: ಚೈನು ಬಿಗಿಮಾಡಲು ಹಿಂದಿನ ಚಕ್ರವನ್ನು ಎಳೆದರೆ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದು ಬದಲಾಗುತ್ತದೆ. ಚೈನು ಸರಿಮಾಡಿದ ಮೇಲೆ ಬ್ರೇಕನ್ನು ಮತ್ತೆ ಕೂರಿಸಲೇಬೇಕು. ಇದನ್ನು ಮರೆತು ಎಷ್ಟು ಸಲ ಬೇಲಿಗೆ ಗುದ್ದಿದ್ದೇನೋ!

ಸೀಟನ್ನು ನಾನು ಜೀವಮಾನವೆಲ್ಲ ತಗ್ಗಿನಲ್ಲೇ ಇಟ್ಟಿದ್ದೆ, ನಿಂತಾಗ ಕಾಲೂರಲು ಅನುಕೂಲವೆಂದು. ಪೆಡಲ್ ಪೂರಾ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಎರಡು ಅಂಗುಲ ಏರಿಸಿದ್ದಕ್ಕೆ ಹಳೆಯ ಮಂಡಿನೋವು ಅರ್ಧ ಇಳಿಯಿತು.

ಇಷ್ಟೆಲ್ಲ ಆಗಿ, ಹೊರಡುವ ವಾರ ಮೊದಲು ಮೇಟ್ಟುಪಾಳ್ಯಕ್ಕೆ ಒಂದು ಸುತ್ತು ಹೋದೆ. ಬರುವಾಗ ಎಡಗಾಲಿನಡಿ ಟಕ್, ಟಕ್. ಪೆಡಲಿನ ಕೈ ಒಮ್ಮೆ ಜಾರಿ, ರಸ್ತೆಯ ಬದಿಗೆ ಬಿದ್ದೆ. ಹಿಂದೆಯೇ ಬರುತ್ತಿದ್ದ ಬಸ್ಸು ಪಕ್ಕದಲ್ಲೇ ಸರಿದುಹೋಯಿತು. ನೋಡಿದರೆ ಕಾಟರ್ ಪಿನ್ ಸವೆದಿತ್ತು. ಬೆರಳುದ್ದದ ಕಬ್ಬಿಣ, ಅದನ್ನು ನೋಡು ಎಂದು ನಾನು ಹೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಮನೆಯವಳು ಮೊಣಕೈಗೆ ಎಣ್ಣೆ ಹಚ್ಚುತ್ತಾ, "ದುಡ್ಡು ಬೇಕಾದರೆ ನಾನೇ ಕೊಡ್ತೀನಿ, ಹೋಗಬೇಡಿ" ಎಂದಳು. ಎರಡೂ ಪಿನ್ ಹೊಸದು ಹಾಕಿಸಿ, ಪಾನೆ, ವಾಲ್ವ್ ಟ್ಯೂಬು, ಇನ್ನೆರಡು ಪಿನ್ ಚೀಲಕ್ಕೆ ಹಾಕಿಕೊಂಡು ಹೊರಟೆ. ಅವಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಮೊದಲ ರಾತ್ರಿ ಸತ್ಯಮಂಗಲದಲ್ಲಿ ತಂಗಿದೆವು. ಹುಲಿ ಕಾಡಿನ ರಸ್ತೆ; 2022ರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬೆಳಕು ಹರಿದ ಮೇಲೆಯೇ ಹತ್ತಿದೆವು. ಒಂಬತ್ತನೆಯ ತಿರುವಿನ ತನಕ 22 ಹಲ್ಲು ಮಾನ ಕಾಪಾಡಿತು. ಆಮೇಲೆ ಇಳಿದು ನೂಕಿದೆ, ಮತ್ತೆ ಹತ್ತಿದೆ, ಮತ್ತೆ ನೂಕಿದೆ. ಹಾಸನೂರು ದಾಟಿ ಸಂಜೆಯೊಳಗೆ ತಾಳವಾಡಿ ಸೇರಿದೆವು. ವಾಪಸು ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿಯದೆ ಬಿಟ್ಟುಬಿಟ್ಟು ಹಿಡಿದು, ನಡುನಡುವೆ ನಿಂತು ರಿಮ್ಮು ಆರಿಸಿಕೊಂಡು ಬಂದೆವು.

ಊರಿಗೆ ಬಂದು ಲೆಕ್ಕ ಬರೆಯುವಾಗ, ನೂಕಿದ ದೂರವನ್ನು ಬೇರೆ ಕಾಲಮ್ಮಿನಲ್ಲಿ ಬರೆದು, ಅಷ್ಟನ್ನು ಕಳೆದು ಹಣ ಕೇಳಿದೆ. ಗುಡಿಯ ಮುಂದೆ ಹೂವು ಮಾರುವ ಅಜ್ಜಿ ಕಿಲೋಮೀಟರಿಗೆ ಒಂದು ರೂಪಾಯಿ ಒಪ್ಪಿದ್ದವರು. "ಏನು ಕಣ್ಣು, ನೂಕಿದಾಗ ಚಕ್ರ ಉರುಳಲಿಲ್ಲವಾ?" ಎಂದು ಪೂರ್ತಿ ಎಣಿಸಿಕೊಟ್ಟರು. ಕಾಲಮ್ಮನ್ನು ಹೊಡೆದುಹಾಕಿದೆ.

22 ಹಲ್ಲಿನ ಫ್ರೀವೀಲ್ ಇನ್ನೂ ಗಾಡಿಯಲ್ಲೇ ಇದೆ. ಸಮ ರಸ್ತೆಯಲ್ಲಿ ಕಾಲು ಸುಮ್ಮನೆ ಗರಗರ ತಿರುಗುತ್ತದೆ, ಹಾಲು ತರುವುದು ತಡವಾಗುತ್ತಿದೆ. ಈ ವಾರ ಹದಿನೆಂಟನ್ನೇ ಮತ್ತೆ ಹಾಕಿಸಬೇಕು, ಚೈನಿನಲ್ಲಿ ಎರಡು ಕೊಂಡಿ ತೆಗೆಸಬೇಕು.