ತಾಯಿಯ ಖಾತೆಗೆ ಬರುವ ಎರಡು ಸಾವಿರ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಕಮಲಾಪುರದಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷದ ಹಬ್ಬದಲ್ಲಿ ಹಳೆಯ ನೆನಪುಗಳನ್ನು ಹೇಳಬೇಕೆಂಬುದು ಎಲ್ಲರ ಅಪೇಕ್ಷೆ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಈ ವೇದಿಕೆಯ ಮೇಲೆ ಬಹಳ ಮಂದಿ ಇದ್ದಾರೆ. ನಾನು ಈ ಶಾಲೆಯಲ್ಲಿ ಕಲಿತು, ಮುಂದೆ ಕಲಬುರಗಿಯಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಬ್ಯಾಂಕಿನ ನೌಕರಿ ಮಾಡಿ ನಿವೃತ್ತನಾದವನು. ಬಡವರ ಪಾಸ್‌ಬುಕ್ ನೋಡುವುದೇ ನನ್ನ ಕೆಲಸವಾಗಿತ್ತು. ಆದ್ದರಿಂದ ರೊಕ್ಕದ ವಿಷಯವನ್ನೇ ಮಾತಾಡುತ್ತೇನೆ. ಬಡ ಕುಟುಂಬಕ್ಕೆ ನೇರವಾಗಿ ಹಣ ಕೊಟ್ಟರೆ ಅದರಿಂದ ಏನಾಗುತ್ತದೆ? ಇದಕ್ಕೂ ನಮ್ಮ ಶಾಲೆಗೂ ಏನು ಸಂಬಂಧ ಎಂಬುದನ್ನು ಕೊನೆಗೆ ಹೇಳುತ್ತೇನೆ. ಹಳೆಯ ವಿದ್ಯಾರ್ಥಿ ಬಳಗದ ಮುಂದೆ ಒಂದು ಬೇಡಿಕೆಯೂ ಇದೆ.

ಕರ್ನಾಟಕದಲ್ಲಿ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾಯಿತು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಹೆಸರಿರುವ ಹೆಣ್ಣುಮಗಳ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಇಲ್ಲ. ಅದಕ್ಕಿಂತ ಮೊದಲೇ, ಅದೇ ವರ್ಷದ ಜುಲೈನಲ್ಲಿ, ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದ ಕಾರಣ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಲು ಶುರು ಮಾಡಿದರು. 2025ರಲ್ಲಿ ಅದು ಮತ್ತೆ ಅಕ್ಕಿಗೆ ತಿರುಗಿತು. ವೃದ್ಧಾಪ್ಯ ವೇತನ, ವಿಧವಾ ವೇತನಗಳು ಹಳೆಯವು. ಜಮೀನಿದ್ದವರಿಗೆ ಕೇಂದ್ರ ಸರ್ಕಾರದ ಕಿಸಾನ್ ಸಮ್ಮಾನ್ ಹಣ 2019ರಿಂದ ವರ್ಷಕ್ಕೆ 6,000 ರೂಪಾಯಿ ಬರುತ್ತದೆ. ಜಮೀನಿಲ್ಲದ ಕೂಲಿಯವರಿಗೆ ಅದು ಇಲ್ಲ.

ಈ ಹಣದ ಬಗ್ಗೆ ನಮ್ಮ ಗೆಳೆಯರೇ ಕಲಬುರಗಿಯ ಹೋಟೆಲುಗಳಲ್ಲಿ ಚಹಾ ಕುಡಿಯುತ್ತ 'ಬಿಟ್ಟಿ ಭಾಗ್ಯ' ಎನ್ನುವುದನ್ನು ಕೇಳಿದ್ದೇನೆ. 'ಜನ ಮೈಗಳ್ಳರಾದರು, ಹೊಲಕ್ಕೆ ಆಳು ಸಿಗವಲ್ಲರು' ಎಂಬುದು ಒಂದು ಮಾತು. 'ಗಂಡ ಕಸಗೊಂಡು ಕುಡೀತಾನ' ಎಂಬುದು ಇನ್ನೊಂದು. ಈ ಮಾತುಗಳನ್ನು ತಳ್ಳಿಹಾಕುವ ಮೊದಲು ಒಂದು ಮನೆಯ ಲೆಕ್ಕ ನೋಡೋಣ. ಆ ತಾಯಿ ಒಪ್ಪಿದ್ದರಿಂದ ಹೇಳುತ್ತಿದ್ದೇನೆ. ಹೆಸರು, ಊರು ಬೇಡ ಎಂದಿದ್ದಾರೆ.

ಕಮಲಾಪುರ ತಾಲ್ಲೂಕಿನ ಒಂದು ಹಳ್ಳಿ. ಗಂಡ, ಹೆಂಡತಿ, ಒಂಬತ್ತನೆಯ ತರಗತಿಯ ಮಗಳು, ಆರನೆಯ ತರಗತಿಯ ಮಗ. ಭೂಮಿ ಇಲ್ಲ. ಗಂಡ ಕಲಬುರಗಿಗೆ ಗೌಂಡಿ ಕೈಕೆಳಗಿನ ಕೆಲಸಕ್ಕೆ ಹೋಗುತ್ತಾನೆ. ತಿಂಗಳಲ್ಲಿ ಹದಿನೈದು ದಿನ ಕೆಲಸ ಸಿಕ್ಕರೆ ಹೆಚ್ಚು. ಹೆಂಡತಿ ಕಳೆ ತೆಗೆಯಲು, ತೊಗರಿ ಕೊಯ್ಯಲು ಹೋಗುತ್ತಾಳೆ. ಗಂಡನ ಕಾಲಿಗೆ ಪೆಟ್ಟಾದಾಗ 10,000 ರೂಪಾಯಿ ಕೈಗಡ ತಂದಿದ್ದರು. ಬಡ್ಡಿ ತಿಂಗಳಿಗೆ ನೂರಕ್ಕೆ ಐದು. ಅಂದರೆ ತಿಂಗಳಿಗೆ 500, ವರ್ಷಕ್ಕೆ 6,000. ಅಸಲು ಮಾತ್ರ ಹಾಗೇ ನಿಂತಿತ್ತು. ಜೊತೆಗೆ ಕಿರಾಣಿ ಅಂಗಡಿಯ ಉದ್ದರಿ. ಉದ್ದರಿ ಇದ್ದವರು ಬೇರೆ ಅಂಗಡಿಗೆ ಹೋಗುವಂತಿಲ್ಲ. ಅವನು ಹೇಳಿದ್ದೇ ದರ, ತೂಗಿದ್ದೇ ತೂಕ.

ಗೃಹಲಕ್ಷ್ಮಿ ಹಣ ಬರತೊಡಗಿದ ಮೇಲೆ ಆಕೆ ಮಾಡಿದ ಮೊದಲ ಕೆಲಸ ಅಂಗಡಿಯ ಉದ್ದರಿ ತೀರಿಸಿದ್ದು. ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ತಿಂಗಳ ಬಡ್ಡಿ ಕೊಟ್ಟು, ಸಾವಿರ ರೂಪಾಯಿ ಮಹಿಳಾ ಸಂಘದಲ್ಲಿ ಇಟ್ಟಳು. ಐದು ಸಾವಿರ ಕೂಡಿದಾಗ ಒಮ್ಮೆ, ಮತ್ತೆ ಐದು ಸಾವಿರ ಕೂಡಿದಾಗ ಒಮ್ಮೆ, ಹೀಗೆ ಎರಡು ಸಲಕ್ಕೆ ಅಸಲು ಮುಗಿಸಿದಳು. ಎರಡು ಸಾವಿರ ಸಣ್ಣ ಮೊತ್ತ, ದಿನಕ್ಕೆ ಅರವತ್ತಾರು ರೂಪಾಯಿ ಚಿಲ್ಲರೆ. ಆದರೆ ಬಡ್ಡಿ ನಿಂತ ಮೇಲೆ ತಿಂಗಳಿಗೆ ಇನ್ನೊಂದು ಐದುನೂರು ಆಕೆಯ ಕೈಯಲ್ಲಿ ಉಳಿಯತೊಡಗಿತು. ಈಗ ಆಕೆ ಸಂತೆಯಲ್ಲಿ ನಗದು ಕೊಟ್ಟು, ಚೌಕಾಶಿ ಮಾಡಿ ಜೋಳ ತರುತ್ತಾಳೆ. ರೇಷನ್ನಿನಲ್ಲಿ ಬರುವುದು ಅಕ್ಕಿ, ನಮ್ಮ ಭಾಗದವರು ಉಣ್ಣುವುದು ರೊಟ್ಟಿ. ನಗದಿನ ಅನುಕೂಲ ಇಲ್ಲಿದೆ: ಮನೆಗೆ ಏನು ಬೇಕೆಂಬುದು ಮನೆಯವರಿಗೇ ಗೊತ್ತಿರುತ್ತದೆ. ಹಾಗೆಂದು ರೇಷನ್ ಬೇಡವೆಂದು ನಾನು ಹೇಳುವುದಿಲ್ಲ. ಜೋಳದ ದರ ಏರಿದರೆ ರೂಪಾಯಿಯ ಬಲ ಕುಗ್ಗುತ್ತದೆ. ಐದು ಕಿಲೋ ಅಕ್ಕಿ ಐದು ಕಿಲೋ ಆಗಿಯೇ ಇರುತ್ತದೆ. ಎರಡೂ ಬೇಕು.

ಇನ್ನು ಮಗಳ ವಿಷಯ. ಶಿಕ್ಷಕರು ಇದನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮದು ತೊಗರಿಯ ನಾಡು. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ಲು, ರಾಶಿ. ಅದೇ ಹೊತ್ತಿಗೆ ಶಾಲೆಯಲ್ಲಿ ಪಾಠಗಳು ಮುಗಿಯುತ್ತ ಬರುತ್ತವೆ, ಪುನರಾವರ್ತನೆ ಶುರುವಾಗುತ್ತದೆ. ಹಾಜರಿ ಪುಸ್ತಕ ತೆಗೆದು ನೋಡಿದರೆ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿ ಬೀಳುವುದು ಆ ವಾರಗಳಲ್ಲೇ. ಈ ಹುಡುಗಿಗೆ ಹೊಲದಲ್ಲಿ ದಿನಕ್ಕೆ 200 ರೂಪಾಯಿ ಕೊಡುತ್ತಿದ್ದರು. ಹತ್ತು ದಿನಕ್ಕೆ ಎರಡು ಸಾವಿರ. ಲೆಕ್ಕ ನೋಡಿ: ತಾಯಿಯ ಖಾತೆಗೆ ಬರುವ ಒಂದು ಕಂತು ಅಂದರೆ ಮಗಳಿಗೆ ಹತ್ತು ದಿನದ ಶಾಲೆ. ಹಣ ಸರಿಯಾಗಿ ಬಂದ ವರ್ಷ ಆಕೆ ಮಗಳನ್ನು ಹೊಲಕ್ಕೆ ಕರೆದೊಯ್ಯಲಿಲ್ಲ. ಮರುವರ್ಷ ಕಂತುಗಳು ತಡವಾದವು; ಹುಡುಗಿ ಒಂಬತ್ತು ದಿನ ತೊಗರಿ ಕೊಯ್ದಳು. ಆ ತಾಯಿಯ ಮಾತು ಇದು: 'ರೊಕ್ಕ ಯಾವತ್ತ ಬರ್ತದಂತ ಖಾತ್ರಿ ಇದ್ರ ನಾ ಹೊಟ್ಟಿ ಕಟ್ಕೊಂಡು ತಡೀತೀನ್ರಿ ಅಣ್ಣಾ. ಖಾತ್ರಿ ಇಲ್ಲಂದ್ರ ಹ್ಯಾಂಗ್ ತಡೀಲಿ?'

ಬ್ಯಾಂಕಿನಲ್ಲಿ ಇಷ್ಟು ವರ್ಷ ಕುಳಿತರೂ ಇಷ್ಟು ಸ್ಪಷ್ಟವಾಗಿ ಯಾರೂ ನನಗೆ ಹೇಳಿರಲಿಲ್ಲ. ನೆರವಿನ ಮೊತ್ತದಷ್ಟೇ ಮುಖ್ಯ ಅದು ಬರುವ ದಿನ. ಸಂಬಳದಾರರಾದ ನಮಗೆ ಒಂದನೆಯ ತಾರೀಖು ತಪ್ಪಿದರೆ ಹೇಗಾಗುತ್ತದೆ ಎಂದು ಯೋಚಿಸಿ. ತಡವಾದ ಕಂತುಗಳು ಮುಂದೆ ಒಟ್ಟಿಗೆ ಬಂದರೂ ಹೋದ ಒಂಬತ್ತು ದಿನ ತಿರುಗಿ ಬರುವುದಿಲ್ಲ. ಅಷ್ಟರಲ್ಲಿ ಮತ್ತೆ ಕೈಗಡವೂ ಆಗಿರುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಡವರು ಯಾವ ಸಾಲದ ನಡುವೆ ಬದುಕುತ್ತಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಣ ಬಂದರೂ ಕೈಗೆ ಸೇರುವುದು ಅಷ್ಟು ಸುಲಭವಲ್ಲ. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಇ-ಕೆವೈಸಿ ಆಗಿರಬೇಕು. ಕುರ್ಪಿ, ಕುಡಗೋಲು ಹಿಡಿದು ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪುವುದಿಲ್ಲ. ಎರಡು ಮೂರು ಖಾತೆ ಇದ್ದವರಿಗೆ ಹಣ ಯಾವ ಖಾತೆಗೆ ಹೋಯಿತೆಂಬುದೇ ತಿಳಿಯುವುದಿಲ್ಲ. ಹಳೆಯ ಸಾಲಕ್ಕೆ ಈ ಹಣವನ್ನೇ ಮುರಿದುಕೊಂಡದ್ದನ್ನೂ ನಾನು ಕಂಡಿದ್ದೇನೆ. ರೇಷನ್ ಕಾರ್ಡಿನಲ್ಲಿ ಅತ್ತೆ ಯಜಮಾನಿ ಆಗಿದ್ದರೆ ಮಕ್ಕಳ ಫೀಸಿಗೆ ಸೊಸೆ ಕೈಚಾಚಬೇಕು. ಇವೆಲ್ಲ ನೇರ ನಗದಿನ ತೊಡಕುಗಳು. ಆದರೆ ಇವು ತಿದ್ದಬಹುದಾದ ತೊಡಕುಗಳು. ಹಾಗೆ ತಿದ್ದಲು ಊರಿನ ಓದಿದವರು ಒಂದು ಅರ್ಧ ದಿನ ಜೊತೆಗೆ ಹೋದರೆ ಸಾಕಾಗುತ್ತದೆ.

ಈಗ 'ಮೈಗಳ್ಳರು' ಎಂಬ ಮಾತಿಗೆ ಬರೋಣ. ತಿಂಗಳಿಗೆ ಎರಡು ಸಾವಿರದಲ್ಲಿ ನಾಲ್ಕು ಜನರ ಮನೆ ನಡೆಸಿ ಮಲಗಿಕೊಳ್ಳಲು ಯಾರಿಂದಲೂ ಆಗದು. ಆದ ಬದಲಾವಣೆ ಏನೆಂದರೆ, ಆ ತಾಯಿ ಈಗ ಕಡಿಮೆ ಕೂಲಿಗೆ ಕರೆದರೆ 'ಇಲ್ಲ' ಎನ್ನಬಲ್ಲಳು. ಆಳು ಸಿಗುವುದಿಲ್ಲ ಎಂಬ ದೂರಿನಲ್ಲಿ ಇದೂ ಒಂದು ಪಾಲು ಇದೆ. ಸಣ್ಣ ರೈತರಿಗೆ ಇದರಿಂದ ತೊಂದರೆ ಆಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಪರಿಹಾರ ತೊಗರಿಗೆ, ನಮ್ಮ ಕಮಲಾಪುರದ ಕೆಂಪು ಬಾಳೆಗೆ ಒಳ್ಳೆಯ ಬೆಲೆ ಸಿಗುವುದರಲ್ಲಿದೆ. ಕೂಲಿಯವರನ್ನು ಹಸಿವಿನಲ್ಲಿ ಇಡುವುದರಲ್ಲಿ ಇಲ್ಲ.

ಕುಡಿತದ ಮಾತು. ಮಧ್ಯಪ್ರದೇಶದಲ್ಲಿ 2011ರಿಂದ 2012ರವರೆಗೆ ಸೇವಾ ಸಂಸ್ಥೆಯು ಯುನಿಸೆಫ್ ನೆರವಿನಿಂದ ಎಂಟು ಹಳ್ಳಿಗಳ ಎಲ್ಲರಿಗೂ ಹಣ ಕೊಟ್ಟು ನೋಡಿತು. ದೊಡ್ಡವರಿಗೆ ತಿಂಗಳಿಗೆ ಮೊದಲು 200, ಆಮೇಲೆ 300 ರೂಪಾಯಿ. ಮಕ್ಕಳಿಗೆ ಅದರ ಅರ್ಧ. ಯಾವ ಷರತ್ತೂ ಇರಲಿಲ್ಲ. ಜನ ಸಾಲ ತೀರಿಸಿದರು, ಆಡು ಕುರಿ ಕೊಂಡರು, ಮಕ್ಕಳ ಓದಿಗೆ ಖರ್ಚು ಮಾಡಿದರು. ಕುಡಿತ ಹೆಚ್ಚಿದ ಲಕ್ಷಣ ಕಾಣಲಿಲ್ಲ. ಲ್ಯಾಟಿನ್ ಅಮೆರಿಕ, ಆಫ್ರಿಕ, ಏಷ್ಯಾ ಖಂಡಗಳ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಪರಿಶೀಲಿಸಿದಾಗಲೂ ಅದೇ ಕಂಡಿತು. ಕುಡಿಯುವ ಗಂಡಂದಿರು ಇಲ್ಲವೆಂದಲ್ಲ. ಅವರು ಈ ಹಣಕ್ಕಿಂತ ಮೊದಲೂ ಕುಡಿಯುತ್ತಿದ್ದರು.

ನಮ್ಮ ಕಲಬುರಗಿ ಶರಣಬಸವೇಶ್ವರರ ನೆಲ. ದಾಸೋಹ ಎಂಬ ಶಬ್ದವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಶಾಲೆಯ ಬಿಸಿಯೂಟಕ್ಕೂ ಅಕ್ಷರ ದಾಸೋಹ ಎಂದೇ ಹೆಸರು. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು 'ನೀನು ಯೋಗ್ಯನೋ' ಎಂದು ಕೇಳುವುದಿಲ್ಲ. 2024ರಲ್ಲಿ ಬೆಳಗಾವಿ ಜಿಲ್ಲೆಯ ಒಬ್ಬ ಅಜ್ಜಿ ಗೃಹಲಕ್ಷ್ಮಿ ಹಣ ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಪಡೆದವರಿಗೂ ಕೊಡುವ ಆಸೆ ಇರುತ್ತದೆ.

ನಗದಿನಿಂದ ಆಗದ ಕೆಲಸಗಳೂ ಇವೆ. ಖಾಲಿ ಇರುವ ಗಣಿತ ಶಿಕ್ಷಕರ ಹುದ್ದೆಯನ್ನು ಯಾವ ತಾಯಿಯೂ ಎರಡು ಸಾವಿರ ಕೊಟ್ಟು ತುಂಬಿಸಲಾರಳು. ಆಸ್ಪತ್ರೆ, ಬಸ್ಸು, ಶಾಲೆ ಇವು ಸರ್ಕಾರವೇ ಮಾಡಬೇಕಾದವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಕಮಲಾಪುರದ ಹುಡುಗಿ ಪಿಯುಸಿಗೆ ಕಲಬುರಗಿಗೆ ಹೋಗಿ ಬರಬಹುದು. ಆದರೆ ಮೊದಲು ಹತ್ತನೆಯ ತರಗತಿ ದಾಟಬೇಕಲ್ಲ! 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43. ರಾಜ್ಯದಲ್ಲಿ ಕೊನೆಯ ಸ್ಥಾನ. ಹಬ್ಬದ ದಿನ ಈ ಅಂಕಿ ಹೇಳಬಾರದಿತ್ತೇನೋ. ಆದರೆ ಇಂದು ಇಷ್ಟು ಜನ ಒಂದೆಡೆ ಸೇರಿರುವಾಗ ಹೇಳದೆ ಮತ್ತೆ ಯಾವಾಗ ಹೇಳುವುದು?

ಆದ್ದರಿಂದ ನನ್ನ ಬೇಡಿಕೆ. ಸುವರ್ಣ ಮಹೋತ್ಸವದ ನಿಧಿಯಿಂದ ಶಾಲೆಯ ಮುಂದೆ ಸ್ವಾಗತ ಕಮಾನು ಕಟ್ಟಿಸಬೇಕೆಂಬ ಸಲಹೆ ಬಂದಿದೆ. ಕಮಾನು ಚೆಂದವೇ. ಅದನ್ನು ಮುಂದಿನ ವರ್ಷಗಳಿಗೆ ಬಿಡೋಣ. ನಮ್ಮ ಶಾಲೆಯ ಒಂಬತ್ತು, ಹತ್ತನೆಯ ತರಗತಿಯ ಕೂಲಿಕಾರರ ಮಕ್ಕಳಲ್ಲಿ ನಲವತ್ತು ಮಂದಿಯನ್ನು ಶಿಕ್ಷಕರೇ ಗುರುತಿಸಲಿ. ಅವರ ತಾಯಂದಿರ ಖಾತೆಗೆ ಜೂನ್ ಮೊದಲ ವಾರ ಎರಡು ಸಾವಿರ, ಡಿಸೆಂಬರ್ ಮೊದಲ ವಾರ ಎರಡು ಸಾವಿರ ಹಾಕೋಣ. ಜೂನ್ ಯಾಕೆಂದರೆ ಪುಸ್ತಕ, ಬಟ್ಟೆಯ ಖರ್ಚು ಆಗ. ಡಿಸೆಂಬರ್ ಯಾಕೆಂದರೆ ತೊಗರಿ ಕೊಯ್ಲು ಆಗ. ವರ್ಷಕ್ಕೆ ಒಟ್ಟು 1,60,000 ರೂಪಾಯಿ. ನೌಕರಿಯಲ್ಲಿರುವ ನೂರಾ ಅರವತ್ತು ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ತಲಾ ಸಾವಿರ ಕೊಟ್ಟರೆ ಆಯಿತು.

ಹಾಜರಿಯ ಷರತ್ತು ಹಾಕಬೇಕೇ ಎಂದು ಗೆಳೆಯರು ಕೇಳಿದ್ದಾರೆ. ಮೆಕ್ಸಿಕೋದಲ್ಲಿ 1997ರಿಂದ, ಬ್ರೆಜಿಲ್‌ನಲ್ಲಿ 2003ರಿಂದ ದೊಡ್ಡ ಯೋಜನೆಗಳು ಅಂಥ ಷರತ್ತಿನ ಮೇಲೆ ನಡೆದವು. ಆದರೆ ಮೊರಾಕ್ಕೋ ದೇಶದ ಹಳ್ಳಿಗಳಲ್ಲಿ 'ಇದು ಮಕ್ಕಳ ಓದಿಗೆ' ಎಂದು ಹೇಳಿ ಷರತ್ತಿಲ್ಲದೆ ಕೊಟ್ಟಾಗಲೂ ಮಕ್ಕಳು ಶಾಲೆಯಲ್ಲಿ ಉಳಿದರು. ಷರತ್ತು ಹಾಕಿದರೆ ಮೊದಲು ಹೊರಬೀಳುವುದು ಹೆಚ್ಚು ಕಷ್ಟದಲ್ಲಿರುವ ಮಗುವೇ. ನಾವೂ ಯಾತಕ್ಕೆಂದು ಹೇಳೋಣ, ನಂಬಿ ಕೊಡೋಣ. ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಬೇಡ. ವೇದಿಕೆಗೆ ಕರೆದು ಚೆಕ್ ಕೊಟ್ಟು ಫೋಟೊ ತೆಗೆಸುವುದಂತೂ ಬೇಡವೇ ಬೇಡ. ಆ ಮಕ್ಕಳು ನಾಳೆ ಇದೇ ಬೆಂಚುಗಳ ಮೇಲೆ ಗೆಳೆಯರ ಪಕ್ಕ ತಲೆ ಎತ್ತಿ ಕುಳಿತುಕೊಳ್ಳಬೇಕು. ತಾರೀಖು ಮಾತ್ರ ಒಂದು ದಿನವೂ ತಪ್ಪಬಾರದು. ಆ ಹೊಣೆಯನ್ನು ನಾನೂ, ನನ್ನ ಜೊತೆಗೆ ನಿವೃತ್ತರಾದ ಇಬ್ಬರು ಗೆಳೆಯರೂ ಹೊರುತ್ತೇವೆ.

ಸಭೆ ಮುಗಿದ ಮೇಲೆ ಗ್ರಂಥಾಲಯದ ಕೋಣೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತೇವೆ. ಒಪ್ಪಿಗೆ ಇದ್ದವರು ಹೆಸರು, ಮೊಬೈಲ್ ನಂಬರ್ ಬರೆಯಿರಿ. ಒಪ್ಪದವರು ಅಲ್ಲಿಗೇ ಬಂದು ವಾದ ಮಾಡಿರಿ, ಚಹಾ ಇದೆ.