ಮಗು ಕಳೆದುಕೊಂಡ ಮನೆಗೂ ನರ್ಸ್ ಬರಲಿ



ಸಾವಿರ ಶಿಶುಗಳು ಹುಟ್ಟಿದರೆ ಕೇರಳದಲ್ಲಿ ವರ್ಷ ತುಂಬುವುದರೊಳಗೆ ತೀರಿಕೊಳ್ಳುವುದು 5. ಇಡೀ ದೇಶದಲ್ಲಿ 25. ಇದು ಕೇಂದ್ರ ಸರಕಾರ 2023ನೇ ಸಾಲಿಗೆ ಕೊಟ್ಟ ಲೆಕ್ಕ. ಹೆಮ್ಮೆಪಡಬೇಕಾದದ್ದೇ. ಆದರೆ ಆ ಐದರಲ್ಲಿ ಒಂದು ಯಾರ ಮನೆಯದೋ ಅವರಿಗೆ ಈ ಲೆಕ್ಕದಿಂದ ಏನು ಸಮಾಧಾನ? ಹಿಂದೆ ಅಜ್ಜಿಯರಲ್ಲಿ ಒಂದೆರಡು ಮಕ್ಕಳನ್ನು ಮಣ್ಣು ಮಾಡದವರು ಕಡಿಮೆ. ಅವರು ಬಂದು ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದರು. ಈಗ ಶಿಶುವಿನ ಸಾವು ಅಪರೂಪವಾಗಿದೆ, ನೆರೆಯವರಿಗೆ ಮಾತೇ ಹೊಳೆಯುವುದಿಲ್ಲ. "ಪ್ರಾಯ ಇದೆಯಲ್ಲ, ಇನ್ನೊಂದಾಗುತ್ತದೆ" ಎಂದು ಹೇಳಿ ಎದ್ದುಹೋಗುತ್ತಾರೆ.

ಹೊಟ್ಟೆಯಲ್ಲೇ ತೀರಿಕೊಂಡ ಮಕ್ಕಳು ಆ ಐದರಲ್ಲಿ ಸೇರುವುದೂ ಇಲ್ಲ. ಅಂಥ ಹೆರಿಗೆಯ ಬಳಿಕ ಖಿನ್ನತೆಯ ಲಕ್ಷಣಗಳೊಂದಿಗೆ ಬದುಕುತ್ತಿರುವ ಹೆಂಗಸರು ಜಗತ್ತಿನಲ್ಲಿ 42 ಲಕ್ಷ ಎಂದು ಲ್ಯಾನ್ಸೆಟ್ ವೈದ್ಯಪತ್ರಿಕೆ 2016ರಲ್ಲಿ ಅಂದಾಜು ಮಾಡಿತ್ತು.

ಮಗು ಸತ್ತ ಮನೆಗೆ ಸರಕಾರ ಬರುವುದೇ ಇಲ್ಲ ಎಂದಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ನಿರ್ಜೀವ ಜನನವನ್ನೂ ದಾಖಲಿಸಬೇಕು. ಶಿಶುಮರಣದ ಪರಿಶೀಲನೆಗೆ 2014ರಿಂದ ರಾಷ್ಟ್ರೀಯ ಮಾರ್ಗಸೂಚಿ ಇದೆ. ಆರೋಗ್ಯ ಕಾರ್ಯಕರ್ತೆ ಮನೆಗೇ ಬಂದು ವಿಚಾರಿಸಿ ನಮೂನೆ ತುಂಬುತ್ತಾರೆ. ಸಾವಿನ ಕಾರಣ ತಿಳಿಯದೆ ಮುಂದಿನ ಮಗುವನ್ನು ಉಳಿಸಲಾಗದು, ಒಪ್ಪೋಣ. ಆದರೆ ತಾಯಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳುವುದು ಆ ನಮೂನೆಯ ಕೆಲಸವಲ್ಲ. ಇನ್ನು ಆಸ್ಪತ್ರೆ ಹೆರಿಗೆಯ ನಂತರ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುವ ಕ್ರಮವಿದೆಯಲ್ಲ, ಅದನ್ನು ಕಟ್ಟಿದ್ದು ನವಜಾತ ಶಿಶುವಿನ ಆರೈಕೆಗಾಗಿ. ತೂಗಲು ಮಗುವೇ ಇಲ್ಲದ ಮನೆಯಲ್ಲಿ ಆಕೆ ಏನು ಮಾಡಬೇಕೆಂದು ಯಾರು ಕಲಿಸಿದ್ದಾರೆ?

ಮಗು ಇಲ್ಲದಿದ್ದರೂ ಆ ತಾಯಿ ಬಾಣಂತಿಯೇ. ಎರಡು ಮೂರು ದಿನದಲ್ಲಿ ಎದೆಹಾಲು ತುಂಬಿಕೊಳ್ಳುತ್ತದೆ, ಗಟ್ಟಿಯಾಗಿ ನೋಯುತ್ತದೆ, ಕೆಲವರಿಗೆ ಜ್ವರವೂ ಬರುತ್ತದೆ. ಹಾಲು ಬತ್ತಿಸಲು ಮಾತ್ರೆ ಇದೆ, ತಣ್ಣೀರ ಬಟ್ಟೆಯಿಂದಲೂ ನೋವು ಕಡಿಮೆಯಾಗುತ್ತದೆ ಎಂದು ಆಸ್ಪತ್ರೆಯಿಂದ ಬಿಡುವಾಗಲೇ ಹೇಳಿದರೆ ಎಷ್ಟೋ ಉಪಕಾರ. ಇದಕ್ಕೆ ದುಡ್ಡು ಬೇಡ, ಐದು ನಿಮಿಷ ಸಾಕು. ಬೇರೆ ಮಕ್ಕಳು ಅಳುವ ವಾರ್ಡಿನಿಂದ ದೂರ ಒಂದು ಹಾಸಿಗೆ ಕೊಡುವುದು, ಬಯಸಿದವರಿಗೆ ಮಗುವನ್ನು ನೋಡಲು, ಎತ್ತಿಕೊಳ್ಳಲು ಬಿಡುವುದು ಕೂಡ ಚಿಕಿತ್ಸೆಯೇ. "ನೋಡಿದರೆ ಮರೆಯಲಾರಳು" ಎಂದು ಹಿರಿಯರು ತಡೆಯುವುದುಂಟು. ನೋಡದಿದ್ದರೆ ಮರೆಯುತ್ತಾಳೆಯೇ? ನಿರ್ಧಾರ ಆಕೆಯದಾಗಿರಲಿ.

ನಮ್ಮ ಉಪ್ಪಳ ಇರುವ ಮಂಜೇಶ್ವರ ತಾಲೂಕಿಗೆ ಇನ್ನೊಂದು ತೊಡಕಿದೆ. ಕಷ್ಟದ ಹೆರಿಗೆಯೆಂದರೆ ಇಲ್ಲಿನವರು ಹೊರಡುವುದು ಮಂಗಳೂರಿಗೆ, ಹೆಚ್ಚಾಗಿ ಲೇಡಿಗೋಶನ್ ಸರಕಾರಿ ಆಸ್ಪತ್ರೆಗೆ ಅಥವಾ ಖಾಸಗಿ ಆಸ್ಪತ್ರೆಗಳಿಗೆ. ಈ ನಂಟು ಎಷ್ಟು ಗಾಢವೆಂದು 2020ರ ಮಾರ್ಚಿನಲ್ಲಿ, ಕೋವಿಡ್ ಕಾಲದಲ್ಲಿ, ಕರ್ನಾಟಕ ತಲಪಾಡಿ ಗಡಿ ಮುಚ್ಚಿದಾಗ ಹೈಕೋರ್ಟಿನವರೆಗೂ ಗೊತ್ತಾಯಿತು. ಆಸ್ಪತ್ರೆ ಕರ್ನಾಟಕದಲ್ಲಿ, ಆಶಾ ಕಾರ್ಯಕರ್ತೆ ಕೇರಳದಲ್ಲಿ. ನಡುವೆ ಯಾರಾದರೂ ಒಬ್ಬರು ಫೋನ್ ಮಾಡದಿದ್ದರೆ ಸುದ್ದಿ ದಾಟುವುದು ಹೇಗೆ? ದಾಟಿದರೂ ಸಮಾಧಾನ ಹೇಳುವವರು ಯಾವ ಭಾಷೆಯಲ್ಲಿ ಹೇಳಬೇಕು? ಮಲಯಾಳದ ಕರಪತ್ರ ಹಿಡಿದು ತುಳು, ಕನ್ನಡ, ಬ್ಯಾರಿ ಮಾತಾಡುವ ಮನೆಯೊಳಗೆ ಹೋದರೆ ಅರ್ಧ ಕೆಲಸ ಹೊಸ್ತಿಲಲ್ಲೇ ನಿಲ್ಲುತ್ತದೆ.

ತಂದೆಯನ್ನಂತೂ ಎಲ್ಲರೂ ಮರೆಯುತ್ತಾರೆ. ಉಪ್ಪಳದಲ್ಲಿ ಆತ ಎಷ್ಟೋ ಸಲ ಗಲ್ಫಿನಲ್ಲಿರುತ್ತಾನೆ, ಸುದ್ದಿಯನ್ನು ಫೋನಿನಲ್ಲಿ ಕೇಳಿ ಮರುದಿನ ಡ್ಯೂಟಿಗೆ ಹೋಗುತ್ತಾನೆ. ಹೆರಿಗೆಯ ಬೆನ್ನಿಗೇ ಮಗು ತೀರಿಕೊಂಡ ತನ್ನ ಮಹಿಳಾ ನೌಕರರಿಗೆ ಕೇಂದ್ರ ಸರಕಾರ 2022ರ ಸೆಪ್ಟೆಂಬರಿನಲ್ಲಿ 60 ದಿನಗಳ ವಿಶೇಷ ರಜೆ ಕೊಟ್ಟಿತು. ಒಳ್ಳೆಯ ಆದೇಶ, ಆದರೆ ತಾಯಿಗೆ ಮಾತ್ರ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್‌ನಿಂದ ನೌಕರಿಯಲ್ಲಿರುವ ತಂದೆಗೂ ತಾಯಿಗೂ ಎರಡು ವಾರದ ಶೋಕ ರಜೆ ಇದೆ.

ಹಾಗಾದರೆ ಹೊಸ ಇಲಾಖೆ ಬೇಕೇ? ಬೇಡ. ಮನೆಗೆ ಹೋಗಿ ವಿಚಾರಿಸುವುದು ಇಲ್ಲಿ ಹೊಸತಲ್ಲ. ಇದೇ ತಾಲೂಕಿನ ಪಡ್ರೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಹಾವಳಿ ಹೊರಬಿದ್ದದ್ದು ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಮನೆಮನೆಯ ಕಾಯಿಲೆ ಗಮನಿಸಿದ್ದರಿಂದ, ಪತ್ರಕರ್ತ ಶ್ರೀ ಪಡ್ರೆಯವರಂಥವರು ಬರೆದದ್ದರಿಂದ. ಮನೆಯೊಳಗೆ ಹೋಗಿ ನೋಡುವ ಆ ಅಭ್ಯಾಸಕ್ಕೆ ಕೇರಳದಲ್ಲಿ ವ್ಯವಸ್ಥೆಯೇ ಇದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ, ನೋವು ತಗ್ಗಿಸುವ ಪಾಲಿಯೇಟಿವ್ ಆರೈಕೆಗೆ ರಾಜ್ಯ 2008ರಲ್ಲಿ ನೀತಿ ರೂಪಿಸಿತು. ಈಗ ಪಂಚಾಯತಿನ ಪಾಲಿಯೇಟಿವ್ ನರ್ಸ್ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ, ಗಾಯ ತೊಳೆಯುತ್ತಾರೆ, ಕೂತು ಮಾತಾಡುತ್ತಾರೆ. ಮಗು ಕಳೆದುಕೊಂಡ ಮನೆ ಅವರ ದಾರಿಯಲ್ಲೇ ಇರುತ್ತದೆ.

ಈ ಸಮಾವೇಶದ ಬೇಡಿಕೆ ಇಷ್ಟೆ. ನಮ್ಮ ಮಂಗಲ್ಪಾಡಿ ಪಂಚಾಯತು ಮುಂದಿನ ವಾರ್ಷಿಕ ಯೋಜನೆಯಲ್ಲಿ ಆ ಮನೆಗಳನ್ನೂ ಪಾಲಿಯೇಟಿವ್ ಪಟ್ಟಿಗೆ ಸೇರಿಸಲಿ, ಮನೆಯ ಭಾಷೆ ಬಲ್ಲ ಒಬ್ಬರನ್ನು ನರ್ಸಿನ ಜೊತೆ ಕಳಿಸಲಿ. ಅಲ್ಲಿಯವರೆಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆಮಾಡಬಹುದು. ಈ ನಂಬರನ್ನು ಸಭಿಕರೆಲ್ಲ ಬರೆದುಕೊಂಡು ಹೋಗಿ, ಬೇಕಾದ ಮನೆಗೆ ತಲುಪಿಸಿ.