ಮತಕ್ಕೆ ಮುಂಚೆ ಬಾಯಿಗೆ ಬೀಗ



2019ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಭಾರತೀಯ ಜನತಾ ಪಕ್ಷದ ಅಭ್ಯರ್ಥಿ ತೇಜಸ್ವಿ ಸೂರ್ಯ ಅವರು ಸಿವಿಲ್ ನ್ಯಾಯಾಲಯದ ಮೊರೆಹೊಕ್ಕರು. ತಮಗೆ ಮಾನಹಾನಿಯಾಗುವಂಥದನ್ನು ಪ್ರಕಟಿಸಕೂಡದೆಂದು 49 ಮಾಧ್ಯಮಗಳ ಮೇಲೆ ಮಾರ್ಚ್ 29ರಂದು ತಡೆಯಾಜ್ಞೆ ತಂದರು. ಮತದಾನವಿದ್ದುದು ಏಪ್ರಿಲ್ 18ಕ್ಕೆ. ಪತ್ರಿಕೆಯವರ ಅಹವಾಲು ಕೇಳುವ ಮೊದಲೇ ಹೊರಟ ಆಜ್ಞೆ ಅದು! ಗಿರಣಿಯಲ್ಲಿ ಒಬ್ಬ ಕಾರ್ಮಿಕನನ್ನು ವಜಾ ಮಾಡಬೇಕಾದರೂ ಆರೋಪಪತ್ರ ಕೊಟ್ಟು ಅವನ ಸಮಜಾಯಿಷಿ ಕೇಳಬೇಕು. (ಕೇಳುತ್ತಾರೋ ಇಲ್ಲವೋ, ನಿಮಗೇ ಗೊತ್ತು.)

ಅಭ್ಯರ್ಥಿಗೆ ಮಾನವಿಲ್ಲವೆಂದು ನಾವು ಹೇಳುತ್ತಿಲ್ಲ. ಸುಳ್ಳು ಬರೆದವರ ಮೇಲೆ ನಷ್ಟಪರಿಹಾರದ ದಾವೆ ಹೂಡಲಿ. ಈಗಿನ ನ್ಯಾಯ ಸಂಹಿತೆಯ 356ನೆಯ ಕಲಮಿನಂತೆ ಎರಡು ವರ್ಷದವರೆಗೆ ಸೆರೆಯೂ ಉಂಟು. ಅದು ಬರೆದ ಮೇಲಿನ ಮಾತು. ಬರೆಯುವ ಮೊದಲೇ ಬಾಯಿ ಕಟ್ಟಿದರೆ ಮತದಾರನಿಗೇ ನಷ್ಟ. ಗಿರಾಕಿ ಅಕ್ಕಿಯನ್ನು ಅಂಗೈಯಲ್ಲಿ ಹಾಕಿ ನೋಡಿಯೇ ಕೊಳ್ಳುತ್ತಾನೆ. ಕೊಟ್ಟ ಮತವನ್ನು ಐದು ವರ್ಷ ವಾಪಸು ಪಡೆಯುವಂತಿಲ್ಲ.

ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆಯ ಅರ್ಜಿಯ ಮೇಲೆ ಹೈಕೋರ್ಟು ಮತದಾನಕ್ಕೆ ಮುಂಚೆಯೇ ಆ ಆಜ್ಞೆಯನ್ನು ರದ್ದುಪಡಿಸಿತು. ಸೂರ್ಯ ಅವರು ಗೆದ್ದೂ ಗೆದ್ದರು. ವಿಚಾರಣೆಗೆ ಮುಂಚೆ ಇಂಥ ತಡೆ ಸುಲಭವಾಗಿ ಕೊಡಬಾರದೆಂದು 2024ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ದೊಡ್ಡ ಪತ್ರಿಕೆಗಳಿಗೆ ವಕೀಲರಿದ್ದಾರೆ. ಹಿನಕಲ್ಲಿನಂಥ ಊರಿನ ಸುದ್ದಿ ಬರೆಯುವ ಸಣ್ಣ ಪತ್ರಿಕೆಯವನನ್ನು ಬೆಂಗಳೂರಿಗೆ ಹತ್ತು ಸಲ ಅಲೆಸಿದರೆ ಸಾಕು, ಬಸ್ ಚಾರ್ಜೇ ಅವನ ಬಾಯಿ ಮುಚ್ಚಿಸುತ್ತದೆ.